ಪ್ರಶ್ನೋತ್ತರ: ಸಂವಹನ ಪದವಿಗೆ ಎಷ್ಟು ಸಾಲ ಮಾಡಬಹುದು?

ಪ್ರಶ್ನೆ: ನಮಸ್ಕಾರ. ನನ್ನ ಮಗಳು ಮೂರು ವರ್ಷದ ಸಂವಹನ ಪದವಿಗೆ ಸೇರಬೇಕೆಂದಿದ್ದಾಳೆ. ಶುಲ್ಕ, ವಸತಿ ಎಲ್ಲ ಸೇರಿ ಬೇಕಾಗುವ ಸಾಲ, ಈ ಪದವಿ ಮುಗಿಸಿದವರಿಗೆ ಆರಂಭದಲ್ಲಿ ಸಿಗುತ್ತದೆಂದು ಹೇಳುವ ಒಂದು ವರ್ಷದ ಸಂಬಳಕ್ಕೆ ಹೆಚ್ಚುಕಡಿಮೆ ಸಮನಾಗಿದೆ. ಅಷ್ಟರವರೆಗೆ ಸಾಲ ಮಾಡಿದರೆ ತೊಂದರೆಯಿಲ್ಲ ಎಂದು ಹಲವರು ಹೇಳುತ್ತಾರೆ. ಆ ಮಾತನ್ನು ನಂಬಿ ಮುಂದುವರಿಯಬಹುದೇ? ಅವಳಿಗೆ ಬರವಣಿಗೆಯಲ್ಲಿ ನಿಜವಾದ ಆಸಕ್ತಿಯಿದೆ. ಸಾಲದ ಭಯದಿಂದ ಬೇಡವೆನ್ನಲು ನನಗೆ ಮನಸ್ಸಿಲ್ಲ.

ಉತ್ತರ (ಶಿಕ್ಷಣ ಸಾಲದ ಸಲಹೆಗಾರರು): ನಮಸ್ಕಾರ ಸರ್. ಆ ಮಾತು ಬಳಕೆಯಲ್ಲಿರುವುದು ನಿಜ, ಆದರೆ ಈ ಪದವಿಯ ಮಟ್ಟಿಗೆ ಅದು ಸಡಿಲವಾದ ಅಳತೆ ಎಂಬುದು ನನ್ನ ಅಭಿಪ್ರಾಯ. ಏಕೆಂದು ಲೆಕ್ಕದಲ್ಲೇ ನೋಡೋಣ.

ವರ್ಷದ ಸಂಬಳ 100 ಎಂದೂ ಸಾಲವೂ 100 ಎಂದೂ ಇಟ್ಟುಕೊಳ್ಳಿ. ಬಡ್ಡಿ ಶೇ 8, ಮರುಪಾವತಿಯ ಅವಧಿ 10 ವರ್ಷ ಎಂದಾದರೆ, ವರ್ಷಕ್ಕೆ ಕಟ್ಟಬೇಕಾದ ಕಂತುಗಳ ಮೊತ್ತ ಸುಮಾರು 14.6 ಆಗುತ್ತದೆ. ಆದರೆ ಓದು ಮುಗಿಯುವ ಹೊತ್ತಿಗೆ ಸಾಲ 100ರಲ್ಲೇ ನಿಂತಿರುವುದಿಲ್ಲ. ಪ್ರತಿ ವರ್ಷದ ಆರಂಭದಲ್ಲಿ ಮೂರರಲ್ಲೊಂದು ಭಾಗದಂತೆ ಹಣ ಬಿಡುಗಡೆಯಾದರೆ, ಸರಳ ಬಡ್ಡಿಯ ಲೆಕ್ಕದಲ್ಲೇ ಮೂರು ವರ್ಷಕ್ಕೆ 16, ಕೆಲಸ ಹುಡುಕಲು ಕೊಡುವ ಆರು ತಿಂಗಳ ವಿರಾಮಕ್ಕೆ ಇನ್ನೂ 4 ಸೇರಿ, ಕಂತು ಶುರುವಾಗುವಾಗ ಬಾಕಿ 120 ಆಗಿರುತ್ತದೆ. ಆಗ ವರ್ಷದ ಕಂತು 17.5ರ ಹತ್ತಿರ. ಅದೂ ಒಟ್ಟು ಸಂಬಳದ ಮೇಲಿನ ಲೆಕ್ಕ. ತೆರಿಗೆ ಮತ್ತಿತರ ಕಡಿತಗಳು ಕಳೆದು ಕೈಗೆ ಬರುವ ಹಣಕ್ಕೆ ಹೋಲಿಸಿದರೆ ಪ್ರಮಾಣ ಇನ್ನೂ ಹೆಚ್ಚು. ಮನೆ ಬಾಡಿಗೆ ಕೊಟ್ಟು, ಓಡಾಟದ ಖರ್ಚು ನೋಡಿಕೊಂಡು, ಹೊಸದಾಗಿ ಕೆಲಸಕ್ಕೆ ಸೇರಿದವರು ಇಷ್ಟನ್ನು ತಿಂಗಳು ತಪ್ಪದೆ ಕಟ್ಟುವುದು ಕಷ್ಟ.

ಹೋಲಿಕೆಗೆ ಒಂದು ಅಧಿಕೃತ ಮಾನದಂಡ ಹೇಳುತ್ತೇನೆ. ಅಮೆರಿಕದ ಶಿಕ್ಷಣ ಇಲಾಖೆಯು ಲಾಭಕ್ಕಾಗಿ ನಡೆಯುವ ಕಾಲೇಜುಗಳ ಕೋರ್ಸುಗಳನ್ನು ಅಳೆಯಲು 2023ರಲ್ಲಿ ಹೊರಡಿಸಿದ ನಿಯಮದಲ್ಲಿ, ಸಾಲದ ಕಂತು ವಾರ್ಷಿಕ ಆದಾಯದ ಶೇ 8ರೊಳಗೆ ಇರಬೇಕೆಂಬುದು ಒಂದು ಅಳತೆಯಾಗಿತ್ತು; ಅದನ್ನು ದಾಟಿದ ಕೋರ್ಸುಗಳಿಗೆ ಅಗತ್ಯ ಖರ್ಚು ಬಿಟ್ಟು ಉಳಿಯುವ ಆದಾಯದ ಶೇ 20ರೊಳಗೆ ಎಂಬ ಇನ್ನೊಂದು ಅಳತೆಯೂ ಇತ್ತು. ಮೇಲಿನ ಬಡ್ಡಿ ಮತ್ತು ಅವಧಿಯಲ್ಲಿ ಶೇ 8ರೊಳಗೆ ಉಳಿಯಬೇಕಾದರೆ ನೀವು ಪಡೆಯುವ ಸಾಲ ವರ್ಷದ ಸಂಬಳದ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಶೇ 45ರ ಆಸುಪಾಸಿನಲ್ಲಿರಬೇಕು.

ಇನ್ನು ಆ ‘ಆರಂಭದ ಸಂಬಳ’ ಯಾರದು ಎಂಬ ವಿಷಯ. ಸಂವಹನ ಎಂಬ ಒಂದೇ ಹೆಸರಿನಡಿ ವರದಿಗಾರಿಕೆ, ಜಾಹೀರಾತು, ಸಾರ್ವಜನಿಕ ಸಂಪರ್ಕ, ಕಂಪನಿಗಳ ಆಂತರಿಕ ಸಂವಹನ, ವಿಡಿಯೊ ನಿರ್ಮಾಣ ಎಲ್ಲವೂ ಬರುತ್ತವೆ, ಮತ್ತು ಇವುಗಳ ಸಂಬಳ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಜಾಹೀರಾತಿಗೆ ಎಲ್ಲಿ ಎಷ್ಟು ಹಣ ಹಾಕಬೇಕೆಂದು ಅಂಕಿಅಂಶ ನೋಡಿ ನಿರ್ಧರಿಸುವ ಮೀಡಿಯಾ ಪ್ಲಾನಿಂಗ್‌ನಂಥ ಕೆಲಸಗಳಲ್ಲಿ ಸಂಬಳ ಬೇಗ ಏರುವ ಸಾಧ್ಯತೆ ಹೆಚ್ಚು. ಸುದ್ದಿಮನೆಯಲ್ಲಿ ನಿಧಾನ, ಮೊದಲ ಕೆಲವು ತಿಂಗಳು ಇಂಟರ್ನ್‌ಶಿಪ್ ಅಥವಾ ಅಲ್ಪಾವಧಿಯ ಕರಾರಿನಲ್ಲೇ ಕಳೆಯುವುದೂ ಉಂಟು. ಬರವಣಿಗೆಯ ಆಸಕ್ತಿಯುಳ್ಳವರು ಹೆಚ್ಚಾಗಿ ಹೋಗುವುದು ಈ ಎರಡನೆಯ ಕಡೆಗೆ. ಆದ್ದರಿಂದ ಸಂಬಳ 100ರ ಬದಲು 70 ಆದರೆ ಏನಾಗುತ್ತದೆಂದು ನೋಡಲೇಬೇಕು: ಅದೇ 17.5 ಈಗ ಆದಾಯದ ಕಾಲುಭಾಗ. ಹತ್ತನೆಯ ವರ್ಷದಲ್ಲಿ ಈ ಪದವೀಧರರು ಚೆನ್ನಾಗಿಯೇ ಗಳಿಸಬಹುದು, ಆದರೆ ಬ್ಯಾಂಕು ಕಂತು ಕೇಳುವುದು ಮೊದಲ ವರ್ಷದಿಂದ.

ಮಗಳ ಆಯ್ಕೆಯನ್ನು ನಾನು ಬೇಡವೆನ್ನುತ್ತಿಲ್ಲ. ಇದೇ ಪದವಿಯನ್ನು ಕಡಿಮೆ ಶುಲ್ಕದ ಕಾಲೇಜಿನಲ್ಲಿ ಮಾಡಬಹುದೇ, ವಸತಿಯ ಖರ್ಚನ್ನಾದರೂ ಸಾಲದಿಂದ ಹೊರಗಿಡಬಹುದೇ ಎಂದು ಮೊದಲು ನೋಡಿ. ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ಕಾಲೇಜಿನ ಹೆಸರಿಗಿಂತ ಅಭ್ಯರ್ಥಿ ಈವರೆಗೆ ಬರೆದದ್ದು, ಮಾಡಿದ್ದು ಏನೆಂದು ಕೇಳುವುದೇ ಹೆಚ್ಚು.

ಮರುಪ್ರಶ್ನೆ (ಅದೇ ಸದಸ್ಯರು): ಧನ್ಯವಾದಗಳು. ಅವಧಿಯನ್ನು 20 ವರ್ಷ ಮಾಡಿಸಿಕೊಂಡರೆ ಕಂತು ಇಳಿಯುತ್ತದಲ್ಲವೇ?

ಉತ್ತರ: ಇಳಿಯುತ್ತದೆ. 100ರ ಸಾಲಕ್ಕೆ ವರ್ಷಕ್ಕೆ 14.6 ಇದ್ದದ್ದು ಸುಮಾರು 10 ಆಗುತ್ತದೆ, ಆದರೆ ಕೊನೆಗೆ ನೀವು ಕಟ್ಟಿದ ಒಟ್ಟು ಹಣ 200 ದಾಟಿರುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದನ್ನು ಒಪ್ಪಿಕೊಳ್ಳಿ, ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲವೆಂದು ಒಪ್ಪಂದದಲ್ಲಿ ಓದಿ ಖಚಿತಪಡಿಸಿಕೊಂಡ ಮೇಲೆ. ಅದಕ್ಕಿಂತ ಒಳ್ಳೆಯದು, ಸಾಧ್ಯವಿದ್ದರೆ, ಓದುವ ಕಾಲದ ಮತ್ತು ನಂತರದ ಆರು ತಿಂಗಳ ವಿರಾಮದ ಬಡ್ಡಿಯನ್ನು ನೀವೇ ತಿಂಗಳು ತಿಂಗಳು ಕಟ್ಟುವುದು. ಮೊದಲ ವರ್ಷ ಅದು ತಿಂಗಳಿಗೆ 0.22, ಮೂರನೆಯ ವರ್ಷ ಮತ್ತು ವಿರಾಮದಲ್ಲಿ 0.67, ಇಷ್ಟರಿಂದ ಬಾಕಿ 120ಕ್ಕೆ ಏರದೆ 100ರಲ್ಲೇ ನಿಲ್ಲುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ಕಾಲೇಜಿನ ಕೈಪಿಡಿಯಲ್ಲಿ ಶೇ 92 ಪ್ಲೇಸ್‌ಮೆಂಟ್ ಎಂದಿದೆ. ಸಾಲದ ಲೆಕ್ಕಕ್ಕೆ ಇದನ್ನು ಆಧಾರ ಮಾಡಿಕೊಳ್ಳಬಹುದೇ?

ಉತ್ತರ: ಎಷ್ಟು ಜನರಲ್ಲಿ ಶೇ 92 ಎಂದು ಕೇಳಿ ನೋಡಿ. 60 ಜನ ತೇರ್ಗಡೆಯಾಗಿ, 25 ಜನ ಮಾತ್ರ ಪ್ಲೇಸ್‌ಮೆಂಟ್‌ಗೆ ಹೆಸರು ನೋಂದಾಯಿಸಿ, ಅವರಲ್ಲಿ 23 ಜನರಿಗೆ ಕೆಲಸ ಸಿಕ್ಕಿದ್ದರೂ ಶೇ 92 ಎಂದು ಬರೆಯಬಹುದು. ಇಡೀ ತರಗತಿಯ ಲೆಕ್ಕದಲ್ಲಿ ಅದು ಶೇ 38. ‘ಅತಿ ಹೆಚ್ಚಿನ ಸಂಬಳ’ ಎಂಬ ಸಾಲನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಸರಾಸರಿಯನ್ನೂ ಒಬ್ಬಿಬ್ಬರ ದೊಡ್ಡ ಸಂಬಳ ಮೇಲಕ್ಕೆ ಎಳೆಯುತ್ತದೆ, ಆದ್ದರಿಂದ ಮಧ್ಯಾಂಕ ಕೇಳಿ, ಅಂದರೆ ಅರ್ಧದಷ್ಟು ಜನರಿಗೆ ಎಷ್ಟಕ್ಕಿಂತ ಕಡಿಮೆ ಸಿಕ್ಕಿದೆ ಎಂಬ ಅಂಕಿ. ಸರ್ಕಾರಿ ಅಂಕಿಗಳಲ್ಲೂ ಯಾರನ್ನು ಎಣಿಸಿದ್ದಾರೆ ಎಂದು ನೋಡಬೇಕಾಗುತ್ತದೆ: ಅಮೆರಿಕದ ಶಿಕ್ಷಣ ಇಲಾಖೆಯ ಜಾಲತಾಣ ಕಾಲೇಜ್ ಸ್ಕೋರ್‌ಕಾರ್ಡ್ ಪದವಿವಾರು ಗಳಿಕೆಯನ್ನು ಕೊಡುತ್ತದೆ, ಆದರೆ ಅದರಲ್ಲಿ ಸೇರುವುದು ಕೇಂದ್ರ ಸರ್ಕಾರದ ಶಿಕ್ಷಣ ನೆರವು ಪಡೆದವರು ಮತ್ತು ಅವರಲ್ಲೂ ಕೆಲಸದಲ್ಲಿರುವವರು. ಕೆಲಸವಿಲ್ಲದವರ ಶೂನ್ಯ ಗಳಿಕೆ ಆ ಮಧ್ಯಾಂಕದಲ್ಲಿ ಇರುವುದಿಲ್ಲ.

ಮತ್ತೊಬ್ಬರ ಪ್ರಶ್ನೆ: ನಾನು ಈ ಪದವಿ ಮುಗಿಸಿದ್ದೇನೆ, ಕೆಲಸ ಸಿಕ್ಕಿಲ್ಲ. ಸ್ನಾತಕೋತ್ತರಕ್ಕೆ ಸೇರಿದರೆ ಹಳೆಯ ಸಾಲದ ಕಂತು ಮುಂದೂಡಬಹುದೆಂದು ಹೇಳುತ್ತಿದ್ದಾರೆ. ಸೇರಲೇ?

ಉತ್ತರ: ಆ ಒಂದೇ ಕಾರಣಕ್ಕೆ ಸೇರಬೇಡಿ. ಕಂತು ಮುಂದೆ ಹೋಗುತ್ತದೆ, ಬಡ್ಡಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಮೇಲೆ ಹೊಸ ಸಾಲವೂ ಸೇರುತ್ತದೆ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ಪರಿಸ್ಥಿತಿ ತಿಳಿಸಿ, ಮರುಪಾವತಿಯ ವೇಳಾಪಟ್ಟಿ ಬದಲಿಸಲು ಕೇಳಿ. ಜಾಮೀನಿಗೆ ಸಹಿ ಹಾಕಿದವರಿಗೂ ಆ ಪತ್ರದ ಪ್ರತಿಯನ್ನು ಕೊಡಿ, ಏಕೆಂದರೆ ಕಂತು ತಪ್ಪಿದಾಗ ಬ್ಯಾಂಕಿನಿಂದ ಅವರಿಗೂ ಕರೆ ಹೋಗುತ್ತದೆ.