ಬೆಂಡೆಕಾಯಿ ನೀರು ಮತ್ತು ನಾಲ್ಕನೇ ದಿನ

ರಾಯಚೂರಿನ ದವಾಖಾನೆಯಲ್ಲಿ ನನಗಿದು ನಾಲ್ಕನೇ ದಿನ. ನಿನ್ನೆ ರಾತ್ರಿ ನಮ್ಮ ‘ಮನಿ ಮಂದಿ’ ಗುಂಪಿನಲ್ಲಿ ನಡೆದದ್ದು ಇದು. ಹೆಸರು ತೆಗೆದಿದ್ದೇನೆ, ಮಾತು ಇದ್ದ ಹಾಗೇ ಇದೆ.

ಸಿಂಧನೂರು ಕಾಕಾ: ಸಕ್ಕರೆ ಕಾಯಿಲೆಗೆ ಶಾಶ್ವತ ಮುಕ್ತಿ!! ರಾತ್ರಿ 4 ಬೆಂಡೆಕಾಯಿ ಸೀಳಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಿರಿ. 21 ದಿನದಲ್ಲಿ ಇನ್ಸುಲಿನ್ ಬಂದ್! ಡಾಕ್ಟರು ಇದನ್ನು ಹೇಳುವುದಿಲ್ಲ. 10 ಜನರಿಗೆ ಕಳಿಸಿ 🙏🙏

ಸಿಂಧನೂರು ಕಾಕಾ: ನಿನ್ನ ಸಲುವಾಗೇ ಹಾಕೀನವ್ವ, ನೋಡು.

ಮಾನ್ವಿ ಅಣ್ಣ: ಕಾಕಾ, ಇದನ್ನ ಬರೆದವರು ಯಾರು? ಯಾವ ಡಾಕ್ಟರು? ಎಲ್ಲಿಂದ ಬಂತು, ಅದನ್ನ ಹಾಕ್ರಿ.

ಸಿಂಧನೂರು ಕಾಕಾ: ಎಲ್ಲಾದಕ್ಕೂ ಸಾಕ್ಷಿ ಕೇಳಬ್ಯಾಡಪ್ಪ. ನಮ್ಮವ್ವ 84 ವರ್ಷ ಬಾಳಿದ್ಲು, ಯಾರಿಗೆ ಏನು ಕೇಳಿದ್ಲು?

ಮಾನ್ವಿ ಅಣ್ಣ: ಅಜ್ಜಿಗೆ ಸಕ್ಕರಿ ರೋಗಾನೇ ಇರಲಿಲ್ಲಲ್ಲ ಕಾಕಾ.

ದೊಡ್ಡಪ್ಪ: ಹಿರಿಯರಿಗೆ ಎದುರುತ್ತರ ಬ್ಯಾಡ. ಈಗಿನವರು ಮುಂಜಾನಿ ಏಳಂಗಿಲ್ಲ, ನಡಿಯಂಗಿಲ್ಲ, ಬೇಕರಿ ತಿಂಡಿ ತಿಂತಾರ. ರೋಗ ಬರದ ಇರತೈತೇನು?

ನಾನು: ದೊಡ್ಡಪ್ಪ, ನನಗ ಬಂದಾಗ 11 ವರ್ಷ. ನಂದು ಟೈಪ್ 1. ಮೈಕಾಯೋ ರಕ್ಷಣಾ ಕಣಗಳೇ ಇನ್ಸುಲಿನ್ ಮಾಡೋ ಕಣಗಳನ್ನ ಕೊಂದುಬಿಟ್ಟಾವ. ತಿಂದಿದ್ದಕ್ಕ ಬಂದಿದ್ದಲ್ಲ.

ಕೊಪ್ಪಳ ತಮ್ಮ: ಬೆಂಡೆಕಾಯಿ ಅಂದ್ರ ಅಜ್ಜಿ ಹಿತ್ತಲ ನೆನಪಾತು! ಗವಿಮಠದ ಜಾತ್ರಿಗೆ ಎಲ್ಲರೂ ಕೂಡಿ ಹೋಗಿದ್ವಿ, ಕಿನ್ನಾಳದ ಗೊಂಬಿ ಬೇಕಂತ ಮಾನ್ವಿ ಅಣ್ಣ ಅತ್ತಿದ್ದ. ಫೋಟೊ ಯಾರ ಹತ್ರರ ಐತೇನು?

ಮಾನ್ವಿ ಅಣ್ಣ: ಅತ್ತಿದ್ದು ನೀನು.

ಮಾನ್ವಿ ಅಣ್ಣ: ಕಾಕಾ, 1921ರಾಗ ಟೊರಾಂಟೊದಾಗ ಬ್ಯಾಂಟಿಂಗ್, ಬೆಸ್ಟ್ ಅನ್ನೋರು ಇನ್ಸುಲಿನ್ ಕಂಡುಹಿಡಿದ್ರು. ಮುಂದಿನ ಜನವರಿಯಾಗ 14 ವರ್ಷದ ಹುಡುಗಗ ಮೊದಲು ಕೊಟ್ರು. ಅದಕ್ಕಿಂತ ಮೊದಲು ಈ ರೋಗದ ಮಕ್ಕಳು ಉಳೀತಿರಲಿಲ್ಲ. ಬೆಂಡೆಕಾಯಿ ಆಗೂ ಇತ್ತು.

ಸಿಂಧನೂರು ಕಾಕಾ: ಪಾಠ ಸಾಲ್ಯಾಗ ಹೇಳು. ಮೊದಲ ನಮ್ಮ ಪಂಪ್‌ಸೆಟ್ ಕೊಡು, ಎರಡು ಬ್ಯಾಸಗಿ ಆತು.

ಮಾನ್ವಿ ಅಣ್ಣ: ಅದಕ್ಕ ಅರ್ಧ ರೊಕ್ಕ ನಮ್ಮಪ್ಪ ಹಾಕಿದ್ದು. ಅದನ್ನೂ ಗುಂಪಿನ್ಯಾಗ ಹೇಳ್ರಿ.

ದೊಡ್ಡಪ್ಪ: ಮನಿ ವ್ಯವಹಾರ ಇಲ್ಲಿ ಬ್ಯಾಡ. ಹೆಣ್ಣುಹುಡುಗಿ ರೋಗದ ಸುದ್ದೀನೂ ಬ್ಯಾಡ. ನಾಳಿ ಸಂಬಂಧ ನೋಡಬೇಕಾಗತೈತಿ.

ನಾನು: ದೊಡ್ಡಪ್ಪ, ಮುಚ್ಚಿಡ್ರಿ ಅಂತ ನೀವು ಅಂದಿದ್ದಕ್ಕ ಅಕ್ಕನ ಮದುವ್ಯಾಗ ಬಚ್ಚಲದಾಗ ನಿಂತು ಸೂಜಿ ಹಾಕ್ಕೊಂಡೆ. ಇನ್ನ ಮುಚ್ಚಿಡಂಗಿಲ್ಲ.

ನಾನು: ನಾನು ಇಲ್ಲಿ ಯಾಕ ಬಿದ್ದೀನಿ ಅಂತ ಒಬ್ಬರೂ ಕೇಳಲಿಲ್ಲ. ಹೋದ ವಾರ ಜ್ವರ, ವಾಂತಿ. ‘ಉಣ್ಣದಿದ್ರ ಸೂಜಿ ಯಾಕ’ ಅಂತ ಮನ್ಯಾಗ ಅಂದ್ರು, ನಾನೂ ಎರಡು ದಿನ ಬಿಟ್ಟೆ. ಜ್ವರದಾಗ ಸಕ್ಕರಿ ಇನ್ನೂ ಏರತೈತಿ. ಇನ್ಸುಲಿನ್ ಸಿಗದಿದ್ರ ಮೈ ಕೊಬ್ಬು ಸುಟ್ಟು ಕೀಟೋನ್ ಮಾಡತೈತಿ, ರಕ್ತ ಹುಳಿ ಆಗತೈತಿ. ಉಸಿರು ಕೊಳೆತ ಹಣ್ಣಿನಂಗ ನಾರತಿತ್ತಂತ ಅವ್ವ ಹೇಳಿದ್ಲು. ಎರಡು ದಿನ ಸಲೈನು, ಇನ್ಸುಲಿನ್ ಡ್ರಿಪ್, ತಾಸಿಗೊಮ್ಮೆ ಬೆರಳು ಚುಚ್ಚೋದು. ಉಂಗುರ ಬೆರಳ ತುದಿ ಮ್ಯಾಲ ಸಾಸಿವಿ ಚೆಲ್ಲಿದಂಗ ಕಪ್ಪು ಚುಕ್ಕಿ. ನಿನ್ನೆ ಸಿಸ್ಟರ್ ಅದನ್ನ ನೋಡಿ, ತಾವಾಗೇ ಆ ಬೆರಳು ಬಿಟ್ಟು ಕಿರುಬೆರಳು ಹಿಡಿದ್ರು. ಅಳು ಬಂತು ನನಗ.

ನಾನು: ಕಾಕಾ, ಬೆಂಡೆಕಾಯಿ ಪಲ್ಯ ಮಾಡಿಸ್ರಿ, ತಿಂತೀನಿ. ಇನ್ಸುಲಿನ್ ಬಂದ್ ಮಾಡು ಅನ್ನೋದನ್ನ ನನಗಷ್ಟೇ ಅಲ್ಲ, ಯಾರಿಗೂ ಕಳಿಸಬ್ಯಾಡ್ರಿ. ನನ್ನಂಗ ಇನ್ನೊಂದು ಹುಡುಗಿ ನಂಬಿಬಿಟ್ರ?

ಕೊಪ್ಪಳ ತಮ್ಮ: ಫೋಟೊ ಸಿಕ್ತು!! ಗೊಂಬಿ ಹಿಡಿದಾಕಿ ನೀನೇ ಅಕ್ಕ.

ಸಿಂಧನೂರು ಕಾಕಾ: ಚಲೋದಕ್ಕ ಕಳಿಸಿದ್ರ ತಪ್ಪಾತು ನಂದೇ.

ಲಿಂಗಸುಗೂರು ಅತ್ತಿ: ಸಾಕ್ ಬಿಡ್ರಿ ಎಲ್ಲಾರೂ. ಯವ್ವಾ, ನಿಮ್ಮನಿ ಕೀಲಿ ನನ್ನ ಹತ್ರ ಐತಿ. ಮಧ್ಯಾಹ್ನದಿಂದ ಕರೆಂಟಿಲ್ಲ. ಶಕ್ತಿನಗರದಾಗ ಅಷ್ಟು ಕರೆಂಟ್ ಮಾಡ್ತಾರ, ನಮ್ಮ ಓಣ್ಯಾಗ ಇರಂಗಿಲ್ಲ. ಫ್ರಿಜ್‌ದಾಗಿನ ನಿನ್ನ ಔಷಧ ಏನು ಮಾಡ್ಲಿ?

ನಾನು: ಅತ್ತಿ, ನೀರು ಹೋಗದಂಥ ಡಬ್ಬ್ಯಾಗ ಹಾಕಿ, ಡಬ್ಬೀನ ನೀರಿರೋ ಮಣ್ಣಿನ ಗಡಿಗ್ಯಾಗ ಇಡ್ರಿ. ಕರೆಂಟ್ ಬಂದ ಮ್ಯಾಲ ಐಸ್ ಖಾನ್ಯಾಗ ಮಾತ್ರ ಇಡಬ್ಯಾಡ್ರಿ, ಹೆಪ್ಪುಗಟ್ಟಿದ್ರ ಕೆಟ್ಟು ಹೋಗತೈತಿ.

ಲಿಂಗಸುಗೂರು ಅತ್ತಿ: ಇಟ್ಟೆ. ನಾಳಿ ಜ್ವಾಳದ ರೊಟ್ಟಿ, ಪುಂಡಿಪಲ್ಯ ತರಲೇನು? ಡಾಕ್ಟರು ಬ್ಯಾಡ ಅಂತಾರೇನು?

ನಾನು: ಉಣ್ಣು ಅಂದಾರ ಅತ್ತಿ. ಎಷ್ಟು ರೊಟ್ಟಿ ಅಂತ ಮೊದಲ ಹೇಳ್ರಿ, ಅದರ ಲೆಕ್ಕಕ್ಕ ಸೂಜಿ.

ಲಿಂಗಸುಗೂರು ಅತ್ತಿ: ಎರಡು. ತೆಳ್ಳಗ ಬಡೀತೀನಿ. ಎಷ್ಟೊತ್ತಿಗೆ?

ನಾನು: ಎಂಟಕ್ಕ ಬರ್ರಿ.