ವಾಟರ್ ಕೂಲಿಂಗ್ ಬೇಕಾ, ಬೇಡವಾ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಕಂಪ್ಯೂಟರ್ ಪ್ರೊಸೆಸರ್‌ನ ಬಿಸಿಯನ್ನು ಪಂಪ್ ಓಡಿಸುವ ದ್ರವದಿಂದ ಇಳಿಸುವ ವಾಟರ್ ಕೂಲಿಂಗ್ ಬಗ್ಗೆ ಇವತ್ತು ನಮ್ಮ ರಿಪೇರಿಯವರು ಉತ್ತರ ಕೊಡುತ್ತಾರೆ. ಯಾವ ಪ್ರೊಸೆಸರ್, ಎಷ್ಟು ಬಿಸಿ, ಯಾವ ಕೆಲಸ ಮಾಡುವಾಗ ಅಂತ ಬರೆಯಿರಿ. ಊರಿನ ಹೆಸರೂ ಇರಲಿ.

ಹಾಸನ: ರೈಜನ್ 5 7600. ಗೇಮ್ ಆಡುವಾಗ 78 ಡಿಗ್ರಿ. ವಾಟರ್ ಕೂಲರ್ ಹಾಕಿಸಲಾ ಸರ್?

ರಿಪೇರಿಯವರು: ಬೇಡ. ಆ ಚಿಪ್‌ನ ಮಿತಿ 95 ಡಿಗ್ರಿ. ಆ ದುಡ್ಡಿಗೆ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್) ತಗೊಳ್ಳಿ.

ತುಮಕೂರು: ಐ5 12400, 70 ಡಿಗ್ರಿ. ನನಗೆ ಬೇಕಾ?

ರಿಪೇರಿಯವರು: ಬೇಡ.

ಶಿವಮೊಗ್ಗ: ಲ್ಯಾಪ್‌ಟಾಪ್ ಕೆಳಗೆ ಕೂಲಿಂಗ್ ಪ್ಯಾಡ್ ಇಟ್ಟರೆ ಉಪಯೋಗ ಇದೆಯಾ?

ರಾಯಚೂರು: ಐ9 14900ಕೆ. 360 ಎಂಎಂ ವಾಟರ್ ಕೂಲರ್ ಹಾಕಿ ಎರಡು ವರ್ಷ ಆಯ್ತು. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಚಿತ್ರ ತಯಾರಿಸೋಕೆ ರೆಂಡರ್ ಒತ್ತಿದ ತಕ್ಷಣ 100. ಸುಮ್ನೆ ಬ್ರೌಸರ್ ತೆರೆದಿದ್ದರೂ 75. ಅಂಗಡಿಯವರು ಇನ್ನೂ ದೊಡ್ಡ ಕೂಲರ್ ಹಾಕಿಸಿ ಅಂತಾರೆ.

ರಿಪೇರಿಯವರು: ಏನೂ ಕೊಳ್ಳಬೇಡಿ. ರೆಂಡರ್‌ನಲ್ಲಿ 100 ಬಂದರೆ ನಾನು ಗಾಬರಿಯಾಗಲ್ಲ. ಈ ಚಿಪ್‌ಗೆ ಇಂಟೆಲ್ ಹಾಕಿದ ಮಿತಿ 253 ವ್ಯಾಟ್. ಎಷ್ಟೋ ಮದರ್‌ಬೋರ್ಡ್‌ಗಳು ಅದನ್ನೂ ಮೀರಿ ಕರೆಂಟ್ ಬಿಡುತ್ತವೆ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ನಲ್ಲಿ, ಆ ಮಿತಿಯನ್ನು ಇಂಟೆಲ್ ಡೀಫಾಲ್ಟ್‌ಗೆ ತನ್ನಿ. 2024ರ ಆಗಸ್ಟ್‌ಗಿಂತ ಹಳೆಯ ಬಯಾಸ್ ಆದರೆ ಮೊದಲು ಅಪ್‌ಡೇಟ್ ಮಾಡಿ. 13, 14ನೇ ಪೀಳಿಗೆಯ ಈ ಚಿಪ್‌ಗಳು ಹೆಚ್ಚು ವೋಲ್ಟೇಜ್‌ನಿಂದ ಹಾಳಾಗುತ್ತಿದ್ದವು, ಆಗ ಬಂದ ಅಪ್‌ಡೇಟ್ ಅದಕ್ಕೇ.

ನನಗೆ ಚಿಂತೆ ಆಗಿರುವುದು ಆ 75. ಕೆಲಸವೇ ಇಲ್ಲದಾಗ ಅಷ್ಟು ಬಿಸಿ ಇರಬಾರದು, ರಾಯಚೂರಿನ ಬೇಸಿಗೆಯಲ್ಲೂ. ಕೂಲರ್‌ನ ಎರಡು ಪೈಪ್‌ಗಳನ್ನೂ, ಫ್ಯಾನ್ ಇರುವ ರೇಡಿಯೇಟರನ್ನೂ ಮುಟ್ಟಿ ನೋಡಿ. ಎಲ್ಲ ಬೆಚ್ಚಗಿದ್ದರೆ ನೀರು ಓಡುತ್ತಿದೆ, ಗಾಳಿ ಸಾಲುತ್ತಿಲ್ಲ. ಚಿಪ್ ಸುಡುತ್ತಾ ರೇಡಿಯೇಟರ್ ತಣ್ಣಗಿದ್ದರೆ ಪಂಪ್ ನಿಂತಿದೆ, ಇಲ್ಲಾ ಕೂಲರ್ ಚಿಪ್‌ಗೆ ಸರಿಯಾಗಿ ಕೂತಿಲ್ಲ. ಬಯಾಸ್‌ನಲ್ಲಿ ಪಂಪ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಎಷ್ಟಿದೆ ನೋಡಿ ಹೇಳಿ.

ಬಳ್ಳಾರಿ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: ಚಿಪ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿ, ಕೂಲರ್‌ಗೆ ಆರ್‌ಒ ನೀರು ತುಂಬಿಸಿ, ಕಂಪ್ಯೂಟರ್ ಡಬ್ಬಿ ತೆರೆದು ಮನೆಯ ಏರ್ ಕೂಲರ್ ಮುಂದೆ ಇಡಿ.

ರಿಪೇರಿಯವರು: ಯಾರೂ ಮಾಡಬೇಡಿ. ಟೂತ್‌ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತದೆ. ಸೀಲ್ ಮಾಡಿದ ಕೂಲರ್ ಬಿಚ್ಚಿದರೆ ವಾರಂಟಿ ಹೋಯ್ತು. ಅದರೊಳಗೆ ತುಕ್ಕು ತಡೆಯುವ ದ್ರವ ಇರುತ್ತದೆ, ಕುಡಿಯುವ ನೀರಲ್ಲ. ಏರ್ ಕೂಲರ್ ತೇವದ ಗಾಳಿ ಊದುತ್ತದೆ, ಬೋರ್ಡ್ ಮೇಲೆ ಅದು ಬೇಕಾ?

ಮಂಗಳೂರು: ಅದಕ್ಕೇ ನಾನು ಹೇಳೋದು, ಚಿಪ್ ಮೇಲೆ ಕೂರೋ, ಫ್ಯಾನ್ ಇರೋ ದೊಡ್ಡ ಟವರ್ ಏರ್ ಕೂಲರ್ ಸಾಕು. ಸೋರೋ ಭಯ ಇಲ್ಲ.

ಬೆಂಗಳೂರು: 14900ಕೆಗೆ ಟವರ್ ಹಾಕಿ ಒಂದು ಗಂಟೆ ರೆಂಡರ್ ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಮಂಗಳೂರು: ಮನೆಯಲ್ಲಿ ಎಷ್ಟು ಜನ ದಿನಾ ರೆಂಡರ್ ಮಾಡ್ತಾರೆ? ನಿಮ್ಮಂಥವರಿಗೆ ವಾಟರ್ ಕೂಲರ್‌ನ ಬಣ್ಣದ ಲೈಟ್ ಬೇಕು ಅಷ್ಟೇ.

ಬೆಂಗಳೂರು: ನನ್ನ ದುಡ್ಡು, ನನ್ನ ಲೈಟ್. ನಿಮಗೇನು?

ರಿಪೇರಿಯವರು: ಯಾವ ಕೂಲರ್ ಹಾಕಿದರೂ ಚಿಪ್ ಕೋಣೆಗಿಂತ ತಣ್ಣಗಾಗಲ್ಲ. ಜಗಳ ಬೇರೆ ಕಡೆ ಮಾಡಿ.

ಬಳ್ಳಾರಿ: ಒಳ್ಳೇದು ಮಾಡೋಕೆ ಹೋದ್ರೆ ಹೀಗೇನಾ? ಫಾರ್ವರ್ಡ್‌ನಲ್ಲಿ ಇಂಜಿನಿಯರ್ ಅಂತ ಹೆಸರಿದೆ.

ರಿಪೇರಿಯವರು: ಹಾಗಾದ್ರೆ ಅವರನ್ನೇ ಕೇಳಿ.

ಮಂಡ್ಯ: ಐ5 13400, 74 ಡಿಗ್ರಿ. ವಾಟರ್...

ರಿಪೇರಿಯವರು: ಬೇಡ. ಮೇಲೆ ಓದಿ.

ರಾಯಚೂರು: ಪಂಪ್ ಆರ್‌ಪಿಎಂ 0 ತೋರಿಸ್ತಿದೆ. ರೇಡಿಯೇಟರ್ ತಣ್ಣಗಿದೆ.

ರಿಪೇರಿಯವರು: ಈಗಲೇ ಆಫ್ ಮಾಡಿ. ಪಂಪ್‌ನ ವೈರ್ ಕಳಚಿದೆಯಾ ನೋಡಿ. ಬಿಗಿಯಾಗಿದ್ದರೆ ಪಂಪ್ ಹೋಗಿದೆ. ಬಿಲ್ ಹುಡುಕಿ ವಾರಂಟಿಗೆ ಕಳಿಸಿ. ಅಂಗಡಿಯವರಿಗೆ ಒಂದು ರೂಪಾಯಿನೂ ಕೊಡಬೇಡಿ.

ಶಿವಮೊಗ್ಗ: ಸರ್, ಕೂಲಿಂಗ್ ಪ್ಯಾಡ್?

ಬೆಂಗಳೂರು: ನೋಡಿ, ಟವರ್ ಆಗಿದ್ರೆ ಪಂಪೇ ಇರ್ತಿರಲಿಲ್ಲ ಅಂತ ಈಗ ಮಂಗಳೂರಿನವರು ಶುರು ಮಾಡ್ತಾರೆ.

ಮಂಗಳೂರು: ನೀವೇ ಹೇಳಿಬಿಟ್ಟಿರಿ!