ವಾಯುಸ್ತಂಭದ ನೀರಾವಿಗೂ ಬಿದ್ದ ಮಳೆಗೂ ಲೆಕ್ಕ ಕೂಡುತ್ತಿಲ್ಲ

ಪ್ರಶ್ನೆ:
ಇಆರ್‌ಎ5 (ಹಿಂದಿನ ಹವಾಮಾನವನ್ನು ಗಂಟೆಗಂಟೆಗೆ ಮರುರೂಪಿಸಿದ ಜಾಗತಿಕ ದಾಖಲೆ) ದತ್ತಾಂಶದಲ್ಲಿ ಚಂಡಮಾರುತಗಳ ಅವಧಿಯ ಒಟ್ಟು ನೀರಾವಿಯನ್ನು ಮಳೆಯೊಂದಿಗೆ ಹೋಲಿಸುತ್ತಿದ್ದೇನೆ. ವಾಯುಸ್ತಂಭದಲ್ಲಿ (ನೆಲದಿಂದ ವಾತಾವರಣದ ತುದಿಯವರೆಗಿನ ಗಾಳಿಯಲ್ಲಿ) 60 ಮಿ.ಮೀ. ನೀರಾವಿ (ಎಲ್ಲವೂ ನೀರಾದರೆ ನಿಲ್ಲುವ ಆಳ) ಇದ್ದ ಕಡೆ ಒಂದೇ ದಿನದಲ್ಲಿ 200 ಮಿ.ಮೀ. ಮೀರಿ ಮಳೆಯಾಗಿದೆ, ಅಷ್ಟೇ ನೀರಾವಿ ಇದ್ದ ಇನ್ನೊಂದು ಕಡೆ ಒಂದು ಹನಿಯೂ ಬಿದ್ದಿಲ್ಲ. ಮಳೆಯನ್ನು ಮೀಟರ್‌ನಿಂದ ಮಿ.ಮೀ.ಗೆ ಪರಿವರ್ತಿಸಿದ್ದು ಸರಿಯಾಗಿದೆ. ದೋಷ ಎಲ್ಲಿರಬಹುದು?

ಉತ್ತರ:
ದತ್ತಾಂಶದಲ್ಲಿ ದೋಷವಿಲ್ಲ, ಹೋಲಿಕೆಯ ಆಧಾರವನ್ನು ಬದಲಿಸಬೇಕು. ಒಟ್ಟು ನೀರಾವಿ ಎಂಬುದು ಆ ಕ್ಷಣದಲ್ಲಿ ತಲೆಯ ಮೇಲಿರುವ ದಾಸ್ತಾನು ಮಾತ್ರ, ಆದರೆ ಚಂಡಮಾರುತವು ತನ್ನ ಮಳೆಯ ಪ್ರದೇಶಕ್ಕಿಂತ ಎಷ್ಟೋ ವಿಶಾಲವಾದ ಪ್ರದೇಶದಿಂದ ನೀರಾವಿಯನ್ನು ಎಡೆಬಿಡದೆ ಎಳೆದುಕೊಳ್ಳುತ್ತಿರುತ್ತದೆ. ನೆಲಮಟ್ಟದಿಂದ ಒಂದು ಕಿ.ಮೀ. ಎತ್ತರದವರೆಗಿನ ಪದರದಲ್ಲಿ ಪ್ರತಿ ಚದರ ಮೀಟರ್‌ಗೆ 20 ಕೆ.ಜಿ. (ಅಂದರೆ 20 ಮಿ.ಮೀ.) ನೀರಾವಿ ಇದೆ ಎಂದುಕೊಳ್ಳಿ. ಆ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 100 ಕಿ.ಮೀ. ಉದ್ದಗಲದ ಚೌಕದ ಒಂದೇ ಬದಿಯಿಂದ ಒಳಬಂದು, ಬೇರೆ ಬದಿಗಳಿಂದ ಹೊರಹೋಗದೆ ಮೇಲೇರಿದರೆ, ಅದರ ನೀರಾವಿಯೆಲ್ಲ ಮಳೆಯಾದಾಗ ಚೌಕದ ತುಂಬ ಗಂಟೆಗೆ ಸುಮಾರು 7 ಮಿ.ಮೀ. ಬೀಳುತ್ತದೆ, ದಿನಕ್ಕೆ 170 ಮಿ.ಮೀ. ಸಮೀಪ. ವಾಸ್ತವದಲ್ಲಿ ಒಂದಿಷ್ಟು ಪಾಲು ಮೋಡದ ಅಂಚಿನಲ್ಲೂ, ಬೀಳುವ ಹನಿಗಳಿಂದಲೂ ಆವಿಯಾಗಿ ನಷ್ಟವಾಗುತ್ತದೆ.

ಮಳೆಯಿಲ್ಲದ ಕಡೆ 500 ಹೆಕ್ಟೋಪಾಸ್ಕಲ್ ಒತ್ತಡದ ಮಟ್ಟದಲ್ಲಿ (ಸುಮಾರು 5-6 ಕಿ.ಮೀ. ಎತ್ತರ) ಗಾಳಿಯ ಲಂಬ ಚಲನೆಯನ್ನು ನೋಡಿ. ಗಾಳಿ ಕೆಳಗಿಳಿಯುತ್ತಿದ್ದರೆ ನೀರಾವಿ ಎಷ್ಟಿದ್ದರೂ ಮೋಡ ಬೆಳೆಯುವುದಿಲ್ಲ.

ಪ್ರಶ್ನೆ:
ಅಲ್ಲಿ ಗಾಳಿ ನಿಧಾನವಾಗಿ ಮೇಲೇರುತ್ತಲೇ ಇದೆ. ಆದರೂ ಮಳೆ ಏಕಿಲ್ಲ?

ಉತ್ತರ:
ಹಾಗಾದರೆ ಆ ನೀರಾವಿ ಯಾವ ಎತ್ತರದಲ್ಲಿದೆ ಎಂಬುದನ್ನು ಪರಿಶೀಲಿಸಬೇಕು. ಕೆಳಪದರ ತೇವವಾಗಿದ್ದು 700 ಹೆಕ್ಟೋಪಾಸ್ಕಲ್ (ಸುಮಾರು 3 ಕಿ.ಮೀ. ಎತ್ತರ) ಸುತ್ತ ಒಣಗಾಳಿ ಇದ್ದರೆ, ಏರುವ ಮೋಡದೊಳಗೆ ಆ ಗಾಳಿ ಬೆರೆತು ಹನಿಗಳನ್ನು ಆವಿಯಾಗಿಸಿ ಮೋಡದ ತೇಲುವ ಬಲವನ್ನೇ ಕುಗ್ಗಿಸುತ್ತದೆ. ಅಲ್ಲದೆ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುವುದರಿಂದ, ಬಿಸಿಯಾದ ವಾಯುಸ್ತಂಭದಲ್ಲಿ 60 ಮಿ.ಮೀ. ಎಂಬುದು ಪರ್ಯಾಪ್ತ ಸ್ಥಿತಿಗಿಂತ (ಗಾಳಿ ಇನ್ನಷ್ಟು ನೀರಾವಿ ಹಿಡಿಯಲಾರದ ಹಂತಕ್ಕಿಂತ) ಬಹಳ ಕೆಳಗಿರಬಹುದು. ಆದ್ದರಿಂದ ಒಟ್ಟು ನೀರಾವಿಯನ್ನು ಅದರ ಪರ್ಯಾಪ್ತ ಪ್ರಮಾಣದಿಂದ ಭಾಗಿಸಿ ನಕ್ಷೆ ಬಿಡಿಸಿ: ಉಷ್ಣವಲಯದ ಸಾಗರಗಳ ಮೇಲೆ ಈ ಅನುಪಾತ ಹೆಚ್ಚಿದಂತೆ ಮಳೆ ಸರಳರೇಖೆಯಲ್ಲಿ ಏರದೆ, ಪರ್ಯಾಪ್ತತೆಗೆ ಹತ್ತಿರವಾದಾಗ ಒಮ್ಮೆಲೇ ಜಿಗಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಈ ತಿರುವನ್ನೇ.

ಇನ್ನೊಂದು ಎಚ್ಚರಿಕೆ: ಇಆರ್‌ಎ5ರಲ್ಲಿ ನೀರಾವಿ ಆ ಕ್ಷಣದ ಮೌಲ್ಯ, ಮಳೆ ಆ ಹೊತ್ತಿಗೆ ಮುಗಿದ ಒಂದು ಗಂಟೆಯ ಮೊತ್ತ. ನೀರಾವಿಯ ನಿವ್ವಳ ಹೊರಹರಿವನ್ನೂ (ಡೈವರ್ಜೆನ್ಸ್) ಸೇರಿಸುವುದಾದರೆ, ಅಲ್ಲಿ ಋಣ ಚಿಹ್ನೆ ಒಳಹರಿವನ್ನು ಸೂಚಿಸುತ್ತದೆ.